ಸಾರ್ವಜನಿಕ ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿ ಏನನ್ನು, ಹೇಗೆ ಕೇಳಬೇಕು?

ನೇಕಾರರ ಮಗಳು, ಗುಳೇದಗುಡ್ಡ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆತನದವರು ಗುಳೇದಗುಡ್ಡದಲ್ಲಿ ಮೂರು ತಲೆಮಾರು ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯ್ದವರು. ನಮ್ಮಲ್ಲಿ ಕುಣಿಮಗ್ಗಕ್ಕೆ ಇಳಿದವರಲ್ಲಿ ತಂದೆಯವರೇ ಕೊನೆಯವರು. ಅವರು ತೀರಿಕೊಂಡ ಮೇಲೆ ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಏರಿಸುವಾಗ, ಅಜ್ಜನ ಕಾಲದ ಎರಡು ಕೀರ್ದಿ ವಹಿಗಳು (ದಿನದ ಲೆಕ್ಕದ ಪುಸ್ತಕಗಳು) ಬಟ್ಟೆಯಲ್ಲಿ ಸುತ್ತಿಟ್ಟ ಹಾಗೆಯೇ ಸಿಕ್ಕವು. ಅವನ್ನು ನೋಡಿದಂದಿನಿಂದ ಅಜ್ಜನ ಕಾಲದ ಖಣದ ವ್ಯಾಪಾರ ಹೇಗಿತ್ತು, ನೂಲು ಎಲ್ಲಿಂದ ಬರುತ್ತಿತ್ತು, ಮಾಲು ಯಾವ ಪೇಟೆಗೆ ಹೋಗುತ್ತಿತ್ತು, ಯಾವ ವರ್ಷಗಳಲ್ಲಿ ನೇಕಾರರು ಮಗ್ಗ ಬಿಟ್ಟು ಬೇರೆ ಊರಿಗೆ ಹೋದರು ಎಂಬುದನ್ನು ತಿಳಿದು ಬರೆದಿಡಬೇಕೆಂಬ ಆಸೆ ನನ್ನನ್ನು ಬಿಟ್ಟಿಲ್ಲ. ನಾನು ಬಿ.ಎ. ಮುಗಿಸಿ ಹೊಲಿಗೆಯ ಕೆಲಸ ಮಾಡಿಕೊಂಡಿರುವವಳು. ಇದು ಪದವಿಗಾಗಿ ಬರೆಯುವ ಪ್ರಬಂಧವಲ್ಲ, ಯಾವ ಮಾರ್ಗದರ್ಶಕರೂ ನನಗಿಲ್ಲ.

ಕಳೆದ ತಿಂಗಳು ನಮ್ಮ ಭಾಗದ ಒಂದು ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿದ್ದೆ. ಒಳಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರೇ ತುಂಬಿದ್ದರು, ಕೂಡಲು ಕುರ್ಚಿಯಿರಲಿಲ್ಲ. ಮೇಜಿನ ಬಳಿ ಇದ್ದವರನ್ನು "ಖಣದ ಮೇಲೆ ಪುಸ್ತಕ ಇವೆಯೇ?" ಎಂದು ಕೇಳಿದೆ. ಅವರು ಕಂಪ್ಯೂಟರಿನಲ್ಲಿ ನೋಡಿ ಇಲ್ಲವೆಂದರು. ಗೋಡೆಯ ಮೇಲೆ "ಪರಾಮರ್ಶನ ವಿಭಾಗ" ಎಂಬ ಫಲಕವಿತ್ತು, ಅದರ ಕೆಳಗಿನ ಗಾಜಿನ ಕಪಾಟುಗಳಿಗೆ ಬೀಗ ಹಾಕಿತ್ತು. ಮತ್ತೇನು ಕೇಳಬೇಕೆಂದು ತೋಚದೆ ಬಸ್ಸು ಹತ್ತಿ ಮನೆಗೆ ಬಂದೆ.

ಆ ವಿಭಾಗ ಯಾರಿಗಾಗಿ ಇದೆ? ನನ್ನಂಥವರು ಅಲ್ಲಿ ಸಹಾಯ ಕೇಳಬಹುದೇ? ಕೇಳುವುದಾದರೆ ಯಾವ ರೀತಿಯಲ್ಲಿ ಕೇಳಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಓದುವ ಹುಡುಗ, ಬೆಳಗಾವಿ:

ಅಕ್ಕ, ನೀವು ಹೇಳಿದ ಕುರ್ಚಿಯಿಲ್ಲದ ಕೋಣೆಯಲ್ಲಿ ನಾನೂ ಎರಡು ವರ್ಷ ಓದಿದ್ದೇನೆ. ಅಷ್ಟು ಕಾಲದಲ್ಲಿ ಪರಾಮರ್ಶನ ಕಪಾಟಿನ ಬೀಗ ತೆಗೆದದ್ದನ್ನು ಒಮ್ಮೆಯೂ ಕಾಣಲಿಲ್ಲ. ಆದ್ದರಿಂದ ಮತ್ತೆ ಅಲ್ಲಿಗೆ ಹೋಗಿ ಒಂದು ದಿನದ ದುಡಿಮೆ ಕಳೆದುಕೊಳ್ಳಬೇಡಿ ಎಂದೇ ಹೇಳುತ್ತೇನೆ. ಬ್ರಿಟಿಷರ ಕಾಲದ ಬಾಂಬೆ ಪ್ರೆಸಿಡೆನ್ಸಿ ಗ್ಯಾಝೆಟಿಯರ್ ಎಂಬ ಜಿಲ್ಲಾ ವಿವರಗಳ ಸರಕಾರಿ ಗ್ರಂಥಮಾಲೆಯ 23ನೆಯ ಸಂಪುಟ, 1884ರಲ್ಲಿ ಅಚ್ಚಾದದ್ದು, ಪೂರ್ತಿಯಾಗಿ ವಿಜಾಪುರ ಜಿಲ್ಲೆಯದು. ಅದು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿವೆ. ಫೋನಿನಲ್ಲೇ ಓದಬಹುದು, ಯಾರ ಅನುಮತಿಯೂ ಬೇಡ.

ನಿವೃತ್ತ ಗ್ರಂಥಪಾಲಕ, ವಿಜಯಪುರ:

ತಂಗೀ, ನಿಮ್ಮ ಪ್ರಶ್ನೆಯನ್ನು ಓದಿ ನನಗೆ ಸಂತೋಷವೂ ಆಯಿತು, ನೋವೂ ಆಯಿತು. ನಾನು ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ನಿಮ್ಮಂತೆ ಬೀಗ ನೋಡಿ ಹಿಂದಿರುಗಿದವರು ನನ್ನ ಕಾಲದಲ್ಲಿಯೂ ಇದ್ದಿರಬೇಕು. ಕೇಳದೆ ಹೋದವರ ಲೆಕ್ಕ ಯಾವ ವಹಿಯಲ್ಲಿಯೂ ಇರುವುದಿಲ್ಲ.

ಮೊದಲು ನಿಮ್ಮ ಹಕ್ಕಿನ ಮಾತು. ನಮ್ಮ ಸಾರ್ವಜನಿಕ ಗ್ರಂಥಾಲಯಗಳು ನಡೆಯುವುದು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಅಡಿಯಲ್ಲಿ. ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ಆ ಕಪಾಟಿನೊಳಗಿನ ಪುಸ್ತಕಗಳು ಆ ಹಣದಿಂದ ಬಂದವು. ಆದ್ದರಿಂದ "ನನ್ನಂಥವರು ಕೇಳಬಹುದೇ" ಎಂಬ ಸಂಕೋಚವನ್ನು ಬಿಟ್ಟುಬಿಡಿ. ಪರಾಮರ್ಶನ ವಿಭಾಗ ಪದವಿ ಇದ್ದವರಿಗೆಂದು ಮಾಡಿದ್ದಲ್ಲ, ಪ್ರಶ್ನೆ ಇದ್ದವರಿಗೆಂದು ಮಾಡಿದ್ದು. ಅಲ್ಲಿನ ಪುಸ್ತಕಗಳನ್ನು ಮನೆಗೆ ಎರವಲು ಕೊಡುವುದಿಲ್ಲ, ಅಲ್ಲಿಯೇ ಕುಳಿತು ನೋಡಬೇಕು. ಬೀಗದ ಕಾರಣವೂ ಬಹುಮಟ್ಟಿಗೆ ಇದೇ. ನಕಾಶೆಗಳನ್ನು ಬ್ಲೇಡಿನಿಂದ ಕತ್ತರಿಸಿಕೊಂಡು ಹೋದ ಸಂಪುಟಗಳನ್ನು ನನ್ನ ಕೈಯಾರೆ ಎತ್ತಿಟ್ಟಿದ್ದೇನೆ. ಬೀಗವಿರುವುದು ಕೇಳಿದವರಿಗೆ ತೆಗೆದುಕೊಡಲೆಂದು; ಕೇಳುವವರು ಕಡಿಮೆಯಾದಾಗ ಕೀಲಿಕೈ ಎಲ್ಲಿದೆ ಎಂಬುದೇ ಸಿಬ್ಬಂದಿಗೆ ಮರೆತುಹೋಗುತ್ತದೆ, ಇದು ನಮ್ಮ ವೃತ್ತಿಯ ನಿಜವಾದ ದೋಷ.

ಇನ್ನು ಕೇಳುವ ಬಗೆ. "ಖಣದ ಮೇಲೆ ಪುಸ್ತಕ ಇವೆಯೇ" ಎಂಬ ಪ್ರಶ್ನೆಗೆ ಕಂಪ್ಯೂಟರ್ ಹುಡುಕುವುದು ಪುಸ್ತಕದ ಹೆಸರಿನಲ್ಲಿ ಖಣ ಎಂಬ ಪದವನ್ನು ಮಾತ್ರ. ನಿಮಗೆ ಬೇಕಾದ ನಾಲ್ಕು ಸಾಲು ಯಾವುದೋ ದಪ್ಪ ಸಂಪುಟದ ಕೈಗಾರಿಕೆಯ ಅಧ್ಯಾಯದಲ್ಲಿ ಅಡಗಿರಬಹುದು, ಅದು ಪುಸ್ತಕದ ಹೆಸರಿನಿಂದ ಎಂದೂ ತಿಳಿಯುವುದಿಲ್ಲ. ಆದುದರಿಂದ ಪುಸ್ತಕವನ್ನು ಕೇಳಬೇಡಿ, ನಿಮ್ಮ ಪ್ರಶ್ನೆಯನ್ನೇ ಕೇಳಿ. ಒಮ್ಮೆ ಒಬ್ಬ ಹಿರಿಯರು ನನ್ನ ಬಳಿ ಬಂದು ಬರಗಾಲದ ಪುಸ್ತಕ ಬೇಕೆಂದರು. ನಾನು ಮೂರು ಪುಸ್ತಕ ತೆಗೆದುಕೊಟ್ಟೆ, ಅವರು ಹಾಳೆ ತಿರುವಿ ಹಾಗೆಯೇ ಇಟ್ಟರು. ಚಹಾ ತರಿಸಿ ಮಾತನಾಡಿಸಿದಾಗ ತಿಳಿದದ್ದೇನೆಂದರೆ, ತಮ್ಮ ಊರ ಕೆರೆಯನ್ನು 1876-78ರ ಬರದಲ್ಲಿ ಪರಿಹಾರ ಕಾಮಗಾರಿಯಾಗಿ ತೋಡಿದ್ದೋ ಅಥವಾ ಅದಕ್ಕೂ ಹಳೆಯದೋ ಎಂಬುದು ಅವರಿಗೆ ಬೇಕಾಗಿತ್ತು. ಅದನ್ನು ಮೊದಲೇ ಹೇಳಿದ್ದರೆ ನಾನು ಬರಗಾಲದ ಪುಸ್ತಕಗಳ ಕಡೆಗೆ ಹೋಗುತ್ತಲೇ ಇರಲಿಲ್ಲ, ನೀರಾವರಿಯ ಅಧ್ಯಾಯಕ್ಕೆ ಹೋಗುತ್ತಿದ್ದೆ. ಓದುಗರೊಡನೆ ಹೀಗೆ ಮಾತನಾಡಿ ಪ್ರಶ್ನೆಯನ್ನು ಬಿಡಿಸಿಕೊಳ್ಳುವುದೇ ಪರಾಮರ್ಶನ ಸೇವೆಯ ತಿರುಳು. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಮುಂದಿಟ್ಟಾಗ ನಾಲ್ಕನೆಯದಾಗಿ ಹೇಳಿದ್ದು, ಓದುಗರ ಸಮಯವನ್ನು ಉಳಿಸಿರಿ ಎಂದು. ಸಮಯ ಉಳಿಯುವುದು ಇಂಥ ಮಾತುಕತೆಯಿಂದ.

ನನ್ನ ಸಲಹೆಯೆಂದರೆ, ಒಂದು ಹಾಳೆಯಲ್ಲಿ ಪತ್ರ ಬರೆದುಕೊಂಡು ಹೋಗಿ, ಮೇಜಿನ ಮುಂದೆ ನಿಂತು ಕೇಳುವ ಬದಲು ಮುಖ್ಯ ಗ್ರಂಥಪಾಲಕರನ್ನೋ ಅಧಿಕಾರಿಗಳನ್ನೋ ಭೇಟಿಯಾಗಿ ಅದನ್ನು ಕೊಡಿ. ಪತ್ರದಲ್ಲಿ ನಿಮಗೆ ಬೇಕಾದ ಕಾಲ ಯಾವುದು, ಊರು ಯಾವುದು, ವಿಷಯದ ಯಾವ ಭಾಗ ಬೇಕು, ಈಗಾಗಲೇ ಏನೇನು ನೋಡಿದ್ದೀರಿ ಎಂಬುದಿರಲಿ. "ಗುಳೇದಗುಡ್ಡದ ಖಣದ ಇತಿಹಾಸ" ಎಂದು ಬರೆದರೆ ಯಾರಿಗೂ ಕೈಗೆ ಹತ್ತುವುದಿಲ್ಲ. "1920ರಿಂದ 1950ರ ನಡುವೆ ಗುಳೇದಗುಡ್ಡದ ಕೈಮಗ್ಗಗಳಿಗೆ ನೂಲು ಎಲ್ಲಿಂದ ಬರುತ್ತಿತ್ತು" ಎಂದು ಬರೆದರೆ ಹುಡುಕುವವರಿಗೆ ದಾರಿ ಕಾಣುತ್ತದೆ. ಬೆಳಗಿನ ವೃತ್ತಪತ್ರಿಕೆಯ ಗದ್ದಲದಲ್ಲಿ ಹೋಗದೆ ಮಧ್ಯಾಹ್ನ ಹೋಗಿ. ಬಹುತೇಕ ಕಡೆ ಸೋಮವಾರ ವಾರದ ರಜೆ, ಆದರೂ ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಹಳೆಯ ಸಂಪುಟಗಳು ಎಷ್ಟೋ ಕಡೆ ಕಂಪ್ಯೂಟರಿಗೆ ಏರಿಲ್ಲ. ಕಂಪ್ಯೂಟರಿನಲ್ಲಿ ಇಲ್ಲವೆಂದಾಗ ಹಳೆಯ ಕಾರ್ಡುಗಳನ್ನೋ, ನಾವು ಆಕ್ಸೆಷನ್ ರಜಿಸ್ಟರ್ ಎನ್ನುವ ದಾಖಲಾತಿ ವಹಿಯನ್ನೋ ನೋಡಲು ವಿನಯದಿಂದ ಕೇಳಿ. ಹಾಗೆಯೇ ವಿಷಯದ ಪದವನ್ನು ಅಗಲಿಸುತ್ತಾ ಹೋಗಿ. ಖಣ ಎಂದರೆ ಸಿಗದಿದ್ದರೆ ಕೈಮಗ್ಗ, ಅದೂ ಇಲ್ಲದಿದ್ದರೆ ನೇಕಾರಿಕೆ, ಜವಳಿ, ಗುಡಿ ಕೈಗಾರಿಕೆ.

ಗ್ರಂಥಪಾಲಕರಿಂದ ಆಗದ ಕೆಲಸವನ್ನೂ ಹೇಳಿಬಿಡುತ್ತೇನೆ. ಅವರು ನಿಮಗಾಗಿ ಓದಿ ಸಾರಾಂಶ ಬರೆದುಕೊಡುವುದಿಲ್ಲ, ಹಳೆಯ ಲಿಪಿಯನ್ನು ಓದಿಕೊಡುವುದಿಲ್ಲ, ಯಾವ ಹೇಳಿಕೆ ಸರಿ ಯಾವುದು ತಪ್ಪು ಎಂದು ತೀರ್ಪು ಕೊಡುವುದೂ ಇಲ್ಲ. ಎಲ್ಲಿ ನೋಡಬೇಕೆಂಬುದನ್ನು ತೋರಿಸುತ್ತಾರೆ. ಬೇಕಾದ ಪುಟಗಳ ನಕಲು ತೆಗೆಸಿಕೊಳ್ಳಬಹುದೇ ಎಂದು ಕೇಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಸ್ವಂತ ಅಧ್ಯಯನಕ್ಕೂ ಸಂಶೋಧನೆಗೂ ನ್ಯಾಯಯುತವಾದ ಬಳಕೆಗೆ ಅವಕಾಶ ಕೊಟ್ಟಿದೆ. ಆದರೆ ಕಟ್ಟು ಬಿಚ್ಚುತ್ತಿರುವ ಪುಸ್ತಕವನ್ನು ಝೆರಾಕ್ಸ್ ಯಂತ್ರದ ಮೇಲೆ ಒತ್ತಲು ಒಪ್ಪದಿದ್ದರೆ ಬೇಸರಿಸಬೇಡಿ, ಫೋನಿನಿಂದ ಚಿತ್ರ ತೆಗೆದುಕೊಳ್ಳಲು ಅನುಮತಿ ಕೇಳಿ.

ಕೊನೆಗೆ "ನಮ್ಮಲ್ಲಿ ಇಲ್ಲ" ಎಂದಾಗ ಏಳಬೇಡಿ. "ಹಾಗಾದರೆ ಎಲ್ಲಿ ಸಿಗಬಹುದು?" ಎಂದು ಕೇಳಿ, ಅಲ್ಲಿಗೊಂದು ಪರಿಚಯ ಪತ್ರವನ್ನೂ ಕೇಳಿ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಇವುಗಳ ಗ್ರಂಥಾಲಯಗಳಿಗೆ ಹೊರಗಿನವರು ಹೋಗುವಾಗ ಅಂಥ ಪತ್ರವಿದ್ದರೆ ಬಾಗಿಲು ಬೇಗ ತೆರೆಯುತ್ತದೆ. 1954ರ ಕಾಯ್ದೆಯೊಂದರ ಪ್ರಕಾರ ದೇಶದಲ್ಲಿ ಅಚ್ಚಾಗುವ ಪುಸ್ತಕಗಳ ಪ್ರತಿಯನ್ನು ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ, ಮುಂಬಯಿಯ ರಾಜ್ಯ ಕೇಂದ್ರ ಗ್ರಂಥಾಲಯ ಮತ್ತು ದೆಹಲಿ ಸಾರ್ವಜನಿಕ ಗ್ರಂಥಾಲಯಗಳಿಗೆ ಕಳಿಸಬೇಕು. ನಮ್ಮ ಭಾಗದ ಹಳೆಯ ಪುಸ್ತಕಕ್ಕೆ ಇವುಗಳಲ್ಲಿ ಮುಂಬಯಿಯೇ ಹೆಚ್ಚು ಉಪಯುಕ್ತ.

ಬೆಳಗಾವಿಯ ತಮ್ಮನಿಗೆ ಒಂದು ಮಾತು. ನೀನು ಹೇಳಿದ ಜಾಲತಾಣಗಳು ಬೆಲೆಯುಳ್ಳವು, ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ನಿನ್ನ ಪ್ರಶ್ನೆಯನ್ನು ಮರಳಿ ನಿನಗೇ ಕೇಳುವವರು ಯಾರೂ ಇಲ್ಲ. ಬೀಗ ತೆಗೆದದ್ದನ್ನು ಕಾಣಲಿಲ್ಲವೆಂದೆ. ಆ ಎರಡು ವರ್ಷಗಳಲ್ಲಿ ಒಮ್ಮೆಯಾದರೂ ತೆಗೆಯಿರಿ ಎಂದು ಕೇಳಿದ್ದರೆ ಚೆನ್ನಾಗಿತ್ತು.

ಸಂಶೋಧಕಿ, ಧಾರವಾಡ (ಊರು ಜಮಖಂಡಿ):

ಅಕ್ಕನವರೇ, ಹಿರಿಯರು ಕೇಳುವ ಬಗೆಯನ್ನು ಹೇಳಿದ್ದಾರೆ. ನಾನು ಹೆಸರುಗಳ ತೊಡಕನ್ನು ಹೇಳುತ್ತೇನೆ, ಏಕೆಂದರೆ ನನ್ನ ಮೊದಲ ವರ್ಷ ಪೂರ್ತಿ ಇದರಲ್ಲಿಯೇ ಹಾಳಾಯಿತು. ಬಾಗಲಕೋಟೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಯಾವ ಪುಸ್ತಕದಲ್ಲಿಯೂ ನಿಮ್ಮ ಊರು ವಿಜಾಪುರ ಜಿಲ್ಲೆಯ ಬಾದಾಮಿ ತಾಲ್ಲೂಕಿನಲ್ಲಿರುತ್ತದೆ. ಇನ್ನೂ ಹಿಂದೆ ಹೋದರೆ ಅದು ಕಲಾದಗಿ ಜಿಲ್ಲೆ, ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ ಬಂದದ್ದು 1885ರಲ್ಲಿ. ಬರಗಾಲದ ಕಾಲದ ಕಾಗದಪತ್ರಗಳನ್ನು ವಿಜಾಪುರ ಎಂದು ಹುಡುಕಿದರೆ ಅರ್ಧವೂ ಸಿಗುವುದಿಲ್ಲ. 1956ರ ನವೆಂಬರ್ 1ರವರೆಗೆ ನಾವು ಮುಂಬಯಿ ಸರಕಾರದಲ್ಲಿದ್ದುದರಿಂದ ಅಲ್ಲಿಯ ತನಕದ ಸರಕಾರಿ ವರದಿಗಳು ಮುಂಬಯಿ, ಪುಣೆಗಳಲ್ಲಿವೆ. ಬೆಂಗಳೂರಿನಲ್ಲಿ ಹುಡುಕುವುದು ಅದರ ನಂತರದವುಗಳಿಗೆ. ನಮ್ಮ ಜಮಖಂಡಿ ಮತ್ತು ಪಕ್ಕದ ಮುಧೋಳ ಆಗ ಸಂಸ್ಥಾನಗಳು, ಆದ್ದರಿಂದ ನಿಮ್ಮ ಖಣ ಜಮಖಂಡಿಯ ಪೇಟೆಗೆ ಬಂದಿದ್ದರೂ ಆ ಲೆಕ್ಕ ಜಿಲ್ಲೆಯ ವರದಿಯಲ್ಲಿ ಕಾಣುವುದಿಲ್ಲ.

ಇಂಗ್ಲಿಷಿನಲ್ಲಿ ಗುಳೇದಗುಡ್ಡಕ್ಕೆ ಒಂದೇ ಕಾಗುಣಿತವಿಲ್ಲ. ಕೊನೆಯ ಡಕಾರವನ್ನು ಒಮ್ಮೆ ಒಂದೇ ಅಕ್ಷರದಲ್ಲಿ, ಒಮ್ಮೆ ಎರಡರಲ್ಲಿ ಬರೆದಿರುತ್ತಾರೆ, ನಡುವಿನ ಸ್ವರವನ್ನು ಬಿಟ್ಟಿರುವುದೂ ಉಂಟು. ಅದಕ್ಕಿಂತ ದೊಡ್ಡ ತೊಡಕು ಬಟ್ಟೆಯ ಹೆಸರಿನದು. ಮುಂಬಯಿ ಗ್ಯಾಝೆಟಿಯರುಗಳಲ್ಲಿ ಸೀರೆಯನ್ನು ರೋಬ್ ಎಂದೂ ಕುಪ್ಪಸದ ಬಟ್ಟೆಯನ್ನು ಬಾಡಿಸ್ ಕ್ಲಾತ್ ಎಂದೂ ಬರೆಯುತ್ತಾರೆ. ಖಣ ಎಂದು ಹುಡುಕಿ ಏನೂ ಇಲ್ಲವೆಂದು ಮುಚ್ಚಿಡುವ ಪುಸ್ತಕದಲ್ಲಿಯೇ ನಿಮ್ಮ ಅಜ್ಜನ ಕಸುಬು ಈ ಹೆಸರಿನಲ್ಲಿ ಕುಳಿತಿರುತ್ತದೆ. ಆ ಸಂಪುಟಗಳ ಕೊನೆಯ ಭಾಗದಲ್ಲಿ ಊರುಗಳ ವಿವರ ಅಕಾರಾದಿಯಾಗಿ ಬರುತ್ತದೆ, ಕಸುಬುಗಳ ವಿವರ ಬೇರೆ ಕಡೆ ಇರುತ್ತದೆ, ವ್ಯಾಪಾರದ್ದು ಮತ್ತೊಂದು ಕಡೆ. ಮೂರನ್ನೂ ನೋಡಬೇಕು. ಖಣ ಮಹಾರಾಷ್ಟ್ರದ ಹೆಣ್ಣುಮಕ್ಕಳ ಉಡುಗೆಯೂ ಆದುದರಿಂದ ಮರಾಠಿಯ ಪುಸ್ತಕಗಳನ್ನು ಬಿಡಬೇಡಿ.

ಅಜ್ಜನ ಕಾಲಕ್ಕೆ ಹತ್ತಿರವಾದವುಗಳಲ್ಲಿ 1966ರಲ್ಲಿ ಪ್ರಕಟವಾದ ವಿಜಾಪುರ ಜಿಲ್ಲಾ ಗ್ಯಾಝೆಟಿಯರನ್ನು ಮೊದಲು ಕೇಳಿ, ಜಿಲ್ಲೆಯ ಗ್ರಂಥಾಲಯದಲ್ಲಿ ಇರಬೇಕಾದ ಪುಸ್ತಕವದು. 1961ರ ಜನಗಣತಿಯ ಜೊತೆಗೆ ಆಯ್ದ ಹಳ್ಳಿಗಳ ಮತ್ತು ಕರಕುಶಲ ಕಸುಬುಗಳ ಸಮೀಕ್ಷೆಗಳನ್ನೂ ಪ್ರಕಟಿಸಿದ್ದರು. ಜನಗಣತಿ ಎಂದರೆ ಬರಿಯ ಅಂಕಿಗಳೆಂದು ತಿಳಿದು ಯಾರೂ ಆ ಸಾಲಿನ ಪುಸ್ತಕಗಳನ್ನು ತೆಗೆಯುವುದಿಲ್ಲ, ಅದು ದೊಡ್ಡ ನಷ್ಟ. ಹಳೆಯ ಪತ್ರಿಕೆಗಳಿಗೆ ಮಾತ್ರ ಕೊನೆಗೆ ಹೋಗಿ. ಫ. ಗು. ಹಳಕಟ್ಟಿಯವರು 1926ರಲ್ಲಿ ವಿಜಾಪುರದಿಂದ ಶಿವಾನುಭವವನ್ನು ಹೊರಡಿಸಿದರು, ಮರುವರ್ಷ ನವಕರ್ನಾಟಕ ವಾರಪತ್ರಿಕೆಯನ್ನು ಆರಂಭಿಸಿದರು. ಊರಿನ ಸುದ್ದಿಗೆ ಎರಡನೆಯದು ಉಪಯೋಗವಾಗುತ್ತದೆ. ಆದರೆ ಇಂಥ ಪತ್ರಿಕೆಗಳಿಗೆ ವಿಷಯಸೂಚಿ ಇಲ್ಲ. ಇಂಥ ತಿಂಗಳು, ಇಂಥ ವರ್ಷ ಎಂದು ಬೇರೆ ಕಡೆಯಿಂದ ಗೊತ್ತು ಮಾಡಿಕೊಂಡು ಹೋದರೆ ಒಂದು ದಿನದ ಕೆಲಸ, ಹಾಗೆಯೇ ಹೋದರೆ ಒಂದು ವರ್ಷ ಸಾಲದು.

ನಿಮ್ಮಲ್ಲಿರುವ ಕೀರ್ದಿ ಯಾವ ಲಿಪಿಯಲ್ಲಿದೆ? ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿದ್ದರೆ ಅದನ್ನು ಓದಬಲ್ಲವರನ್ನು ಹುಡುಕುವುದೇ ನಿಮ್ಮ ಮುಂದಿನ ದೊಡ್ಡ ಕೆಲಸ. ಧಾರವಾಡದಲ್ಲಿ 1939ರಿಂದ ಇರುವ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ವಿಚಾರಿಸಿ ನೋಡಿ.

ನೇಕಾರರ ಮಗಳು, ಗುಳೇದಗುಡ್ಡ:

ಐದು ವಾರಗಳ ಮೇಲೆ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಹಿರಿಯರು ಹೇಳಿದಂತೆ ಪತ್ರ ಬರೆದೆ. ಬರೆಯುವಾಗಲೇ ತಿಳಿಯಿತು, ನನಗೆ ಬೇಕಾದದ್ದು ಖಣದ ಇಡೀ ಇತಿಹಾಸವಲ್ಲ, ಅಜ್ಜ ಯಾವ ಸಾವುಕಾರರಿಂದ ನೂಲು ತಂದು ಯಾರಿಗೆ ಮಾಲು ಕೊಡುತ್ತಿದ್ದರು ಎಂಬ ಒಂದು ಕೊಂಡಿ. ಅದೇ ಗ್ರಂಥಾಲಯಕ್ಕೆ ಮಧ್ಯಾಹ್ನ ಎರಡು ಗಂಟೆಗೆ ಹೋದೆ. ಅಲ್ಲಿನ ಅಧಿಕಾರಿಯವರು ಪತ್ರವನ್ನು ಎರಡು ಸಲ ಓದಿ, ಎದುರಿಗೆ ಕೂಡ್ರಿಸಿಕೊಂಡು, ಅಜ್ಜನ ವಯಸ್ಸು, ಮನೆ ಇರುವ ಓಣಿ, ವಹಿಯ ಮೇಲಿನ ಇಸವಿ ಎಲ್ಲವನ್ನೂ ಕೇಳಿದರು. ಆಮೇಲೆ ಬೀಗದ ಕಪಾಟು ತೆರೆಸಿದರು. 1966ರ ಗ್ಯಾಝೆಟಿಯರ್ ಕೆಳಗಿನ ಅರೆಯಲ್ಲಿತ್ತು. ಕೈಗಾರಿಕೆಯ ಅಧ್ಯಾಯವನ್ನು ಕುಳಿತು ಓದಿದೆ, ಊರಿನ ಹೆಸರನ್ನು ಅಂಥ ಪುಸ್ತಕದಲ್ಲಿ ಕಂಡಾಗ ಆದ ಸಂತೋಷವನ್ನು ಹೇಗೆ ಹೇಳಲಿ. ಬೇಕಾದ ಪುಟಗಳ ಚಿತ್ರ ತೆಗೆದುಕೊಳ್ಳಲು ಒಪ್ಪಿದರು. ಪುಟದ ಚಿತ್ರದ ಜೊತೆಗೆ ಪುಸ್ತಕದ ಶೀರ್ಷಿಕೆ ಪುಟದ ಚಿತ್ರವನ್ನೂ ತೆಗೆದುಕೊಳ್ಳಿ, ಇಲ್ಲದಿದ್ದರೆ ಆರು ತಿಂಗಳ ಮೇಲೆ ಯಾವ ಪುಸ್ತಕವೆಂದು ನಿಮಗೇ ಗೊತ್ತಾಗುವುದಿಲ್ಲ ಎಂದು ಅವರೇ ಹೇಳಿದರು.

1884ರ ಸಂಪುಟ ಅಲ್ಲಿರಲಿಲ್ಲ. ಅದನ್ನು ಬೆಳಗಾವಿಯ ತಮ್ಮ ಹೇಳಿದ ಜಾಲತಾಣದಲ್ಲಿಯೇ ಓದಿದೆ, ಅವನಿಗೂ ನನ್ನ ಕೃತಜ್ಞತೆ. ಊರಿನ ಹೆಸರು ಹಾಕಿ ಹುಡುಕಿದಾಗ ಸರಿಯಾಗಿ ಸಿಗಲಿಲ್ಲ. ಜಮಖಂಡಿಯ ಅಕ್ಕ ಹೇಳಿದ ಬಾಡಿಸ್ ಎಂಬ ಪದ ಹಾಕಿದ ಮೇಲೆ ಪುಟಗಳು ಒಂದರ ಹಿಂದೊಂದು ಬಂದವು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ, ನಿಘಂಟು ಇಟ್ಟುಕೊಂಡು ದಿನಕ್ಕೆ ಎರಡು ಪುಟ ಓದುತ್ತಿದ್ದೇನೆ.

ಕೀರ್ದಿಯ ಲೆಕ್ಕ ಬಹುಪಾಲು ಕನ್ನಡದಲ್ಲಿದೆ, ಆದರೆ ಊರ ಹೊರಗಿನ ವ್ಯಾಪಾರಿಗಳ ಹೆಸರಿರುವ ಕಡೆ ಅಕ್ಷರ ಬೇರೆ. ಅಧಿಕಾರಿಯವರು ನೋಡಿ ಮೋಡಿ ಇರಬೇಕೆಂದರು, ಧಾರವಾಡಕ್ಕೆ ಪರಿಚಯ ಪತ್ರವನ್ನೂ ಕೊಟ್ಟರು. ಮುಂದಿನ ವಾರ ಹೋಗುವವಳಿದ್ದೇನೆ. ವಹಿಗಳ ಅಂಚು ಪುಡಿಯಾಗುತ್ತಿದೆ. ಓಣಿಯವರೊಬ್ಬರು ಹಾಳೆಗಳನ್ನು ಬಿಡಿಸಿ ಲ್ಯಾಮಿನೇಷನ್ ಮಾಡಿಸು ಎನ್ನುತ್ತಿದ್ದಾರೆ. ಮಾಡಿಸಲೇ?

ನಿವೃತ್ತ ಗ್ರಂಥಪಾಲಕ, ವಿಜಯಪುರ:

ಬೇಡ ತಂಗೀ, ಖಂಡಿತ ಬೇಡ. ಲ್ಯಾಮಿನೇಷನ್ನಿನ ಬಿಸಿಯೂ ಅಂಟೂ ಹಳೆಯ ಕಾಗದವನ್ನು ಒಳಗಿನಿಂದಲೇ ಹಾಳುಮಾಡುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ. ಸೆಲೋಟೇಪನ್ನೂ ಹಚ್ಚಬೇಡಿ. ಹೊಲಿಗೆ ಬಿಚ್ಚದೆ, ಒಗೆದು ಒಣಗಿಸಿದ ಬಿಳಿ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೂ ಗೋಡೆಗೂ ತಾಗದಂತೆ ಮಲಗಿಸಿ ಇಡಿ. ಧಾರವಾಡಕ್ಕೆ ಹೋಗುವ ಮೊದಲು ಪ್ರತಿ ಪುಟದ ಚಿತ್ರವನ್ನೂ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಖಾಲಿ ಪುಟವನ್ನೂ ಬಿಡದೆ ಅನುಕ್ರಮವಾಗಿ ತೆಗೆದುಕೊಳ್ಳಿ. ಮೊದಲ ಸಲ ಆ ಚಿತ್ರಗಳನ್ನಷ್ಟೇ ಒಯ್ದು ತೋರಿಸಿದರೆ ಸಾಕು. ಮೂಲ ವಹಿಯನ್ನು ಯಾರಿಗಾದರೂ ಓದಲು ಕೊಡಲೇಬೇಕಾಗಿ ಬಂದರೆ, ಎಷ್ಟು ಹಾಳೆಗಳಿವೆ ಎಂದು ಎಣಿಸಿ ಬರೆದು, ಸಹಿ ಮಾಡಿದ ರಸೀದಿ ಪಡೆದ ಮೇಲೆಯೇ ಕೊಡಿ. ಮೋಡಿ ಓದುವವರು ಸಿಕ್ಕಾಗ ಆ ವ್ಯಾಪಾರಿಗಳ ಹೆಸರಿನ ಮುಂದೆ ಪೇಟೆಯ ಹೆಸರಿದೆಯೇ ಎಂದು ಮೊದಲು ಕೇಳಿ.